ಗಾಜಿನ ತಟ್ಟೆಯೊಳಗಿನ ಬಲೆ

ಟೊರಾಂಟೊ, ಮಂಗಳವಾರ

ಅಕ್ಕ,

ಬಲಗಣ್ಣು ತೆಗೆದು ಹನ್ನೆರಡು ದಿನವಾಯಿತು, ನೋವಿಲ್ಲ. ಅದರೊಳಗಿನ ಕ್ಯಾನ್ಸರ್ ಗಡ್ಡೆಯ ಚೂರನ್ನು ಪ್ರಯೋಗಾಲಯಕ್ಕೆ ಕೊಡಲು ಸಹಿ ಹಾಕಿದ್ದೆನಲ್ಲ, ಅಲ್ಲಿ ಕೆಲಸ ಮಾಡುವ ಕೊರಿನ್ ಇವತ್ತು ಕರೆದು ತೋರಿಸಿದಳು. ಆ ಜೀವಕೋಶಗಳನ್ನು ಬರೀ ತಟ್ಟೆಯಲ್ಲಿ ಬಿಟ್ಟರೆ ಸುಮ್ಮನೆ ಬಿದ್ದಿರುತ್ತವಂತೆ. ದೇಹದಲ್ಲಿ ಕೋಶಗಳ ಸುತ್ತ ಇರುವಂಥ ಲೋಳೆಯನ್ನು ಹಾಸಿಕೊಟ್ಟರೆ ಕೆಲಸಕ್ಕೆ ಇಳಿಯುತ್ತವೆ. ಉಳಿದ ಕಣ್ಣಿನಿಂದ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅಪ್ಪ ಚಳಿಗಾಲವೆಲ್ಲ ಕೂತು ಹೆಣೆಯುತ್ತಿದ್ದ ಮೀನಿನ ಬಲೆಯೇ ಅಲ್ಲಿತ್ತು, ಒಂದೊಂದು ಕುಣಿಕೆಯೂ ಸಮ.

“ಎಷ್ಟು ಚೆನ್ನಾಗಿ ಹೆಣೆದಿವೆ,” ಎಂದುಬಿಟ್ಟೆ.

“ಹೊಗಳಬೇಡಿ ಮಹರಾಯ್ರೇ, ಅವಕ್ಕೆ ಕೊಬ್ಬು ಜಾಸ್ತಿ ಆಗುತ್ತೆ. ಬೆಳೆಯೋಕೆ ಬೇಕಾದ ಪ್ರೋಟೀನು ನಾನು ಹಾಕೋದು ನಿಲ್ಸಿದೀನಿ, ತಾವೇ ಮಾಡ್ಕೊಂಡು ಬೆಳೀತಿವೆ. ಹೀಗೆ ಬಲೆ ಹೆಣೆಯೋವೇ ಲಿವರಿಗೆ ಹರಡೋದು ಹೆಚ್ಚು. ನಾಳೆ ಔಷಧಿ ಹಾಕ್ತೀನಿ, ಬಲೆ ಹರಿಯುತ್ತಾ ನೋಡೋಣ.”

“ಹರೀಬೇಡಿ” ಎಂಬ ಮಾತು ನನ್ನ ಬಾಯಿಂದ ಬಂತು.

“ನೀವು ಯಾರ ಕಡೆಯೋರು?” ಎಂದಳು, ನಗದೆ. ಮತ್ತೊಮ್ಮೆ ಬಗ್ಗಿ ಬಲೆಯನ್ನು ನೋಡಿ ಹೊರಗೆ ಬಂದೆ.

ನನ್ನ ಲಿವರ್ ಸ್ಕ್ಯಾನ್ ಶುಕ್ರವಾರ. ಮಾತ್ರೆ ತಪ್ಪಿಸುತ್ತಿಲ್ಲ. ಶೆಡ್ಡಿನಲ್ಲಿರುವ ಅಪ್ಪನ ಬಲೆಯನ್ನು ಪಕ್ಕದ ಮನೆಯ ಎಲ್ರಾಯ್ ಮತ್ತೆ ಕೇಳಿದರೆ ಕೊಟ್ಟುಬಿಡು. ಬೇಡ, ನಾನು ಬರುವ ತನಕ ಇರಲಿ. ಕಾರ್ಡಿನಲ್ಲಿ ಜಾಗವಿಲ್ಲ.

ನಿನ್ನ ತಮ್ಮ
ಕ್ಲೈವ್