ಅವ್ವ ನೇಯ್ದ ಮೇಜಿನ ಬಟ್ಟೆ

ಮೊಳಕಾಲ್ಮೂರು
೧೮ ಫೆಬ್ರವರಿ ೨೦೨೫

ಪ್ರೀತಿಯ ಕರುಣಾ,

ಯೇಸುವಿನ ಸಮಾಧಾನ ನಿನ್ನ ಮನೆಯಲ್ಲಿರಲಿ. ಬರೆಯುವುದು ತಡವಾಯಿತು, ಬೈಕೋಬೇಡ. ಫೋನಿನಲ್ಲಿ ಹೇಳೋಣವೆಂದರೆ ಅವ್ವ ಪಕ್ಕದಲ್ಲೇ ಮಲಗಿರುತ್ತಾಳೆ. ಕಣ್ಣು ಹೋದ ಮೇಲೆ ಅವಳ ಕಿವಿ ಬಲು ಚುರುಕಾಗಿದೆ. ಡಾಕ್ಟರು ಹೇಳಿದ ಹಾಗೆ ಮಂಚ ಬಿಟ್ಟು ಇಳಿಯದೆ ಇದ್ದೀಯಾ ತಾನೆ? ಹೊಟ್ಟೆಯಲ್ಲಿ ಕೂಸು ಒದೆಯುತ್ತಿದೆಯಾ?

ಅವ್ವ ದಿನೇ ದಿನೇ ಇಳಿದು ಹೋಗುತ್ತಿದ್ದಾಳೆ. ಗಂಜಿಯೂ ಸೇರುತ್ತಿಲ್ಲ. ಬಾಯಲ್ಲಿ ಒಂದೇ ಮಾತು: "ನಾನು ಹೋದಾಗ ಆ ಮೇಜಿನ ಬಟ್ಟೆ ಹೊದಿಸ್ರೇ. ನಿಮ್ಮಪ್ಪಂಗೆ ಹೊದಿಸಿದ್ದೇ ನಂಗೂ ಸಾಕು." ನಮ್ಮ ಸಭೆಯ ವಾಡಿಕೆ ನಿನಗೆ ಗೊತ್ತೇ ಇದೆ. ಭಾನುವಾರ ರೊಟ್ಟಿ, ದ್ರಾಕ್ಷಾರಸ ಇಡುವ ಮೇಜಿನ ಬಟ್ಟೆಯನ್ನೇ, ಯಾರು ತೀರಿಕೊಂಡರೂ ಪೆಟ್ಟಿಗೆಯ ಮೇಲೆ ಹೊದಿಸಿ, ಮಣ್ಣು ಮಾಡುವ ಮುಂಚೆ ತೆಗೆದು, ಒಗೆದು ಮತ್ತೆ ಮೇಜಿಗೆ ಹಾಸುವುದು. ಅವ್ವ ತನ್ನ ಕುಣಿಮಗ್ಗದಲ್ಲಿ ನೇಯ್ದು ಕೊಟ್ಟ ಬಿಳಿ ರೇಷ್ಮೆ, ನಡುವೆ ಕೆಂಪು ಶಿಲುಬೆ.

ಅವಳು ಹಾಸಿಗೆ ಹಿಡಿದಾಗಿನಿಂದ ನಾನು ಪ್ರಾರ್ಥನಾ ಮಂದಿರದ ಕಡೆ ಹೋಗಿರಲಿಲ್ಲ. ಮೊನ್ನೆ ಬಟ್ಟೆ ನೋಡಿಕೊಂಡು ಬರೋಣವೆಂದು ಹೋದರೆ, ಮೇಜೇ ಇಲ್ಲ ಕಣೇ! ಅಲ್ಲಿ ಸ್ಟೇಜು, ಬಣ್ಣದ ಲೈಟು, ಹೊಸ ಪಾಸ್ಟರಿಗೆ ಮದುವೆ ಗಂಡು ಕೂರುವಂಥ ಕುರ್ಚಿ. ಹೆಚ್ಚು ಕಾಣಿಕೆ ಕೊಟ್ಟವರಿಗೆ ಮುಂದೆ ಸೋಫಾ. ಬಟ್ಟೆ ಎಲ್ಲಿ ಎಂದು ಕೇಳಿದೆ. ಪಾಸ್ಟರು ನಗುತ್ತಲೇ ಹೇಳಿದರು, "ಸುವಾರ್ತಮ್ಮ, ಅದು ಈಗ ಎಷ್ಟು ಮನೇಲಿ ಕೆಲಸ ಮಾಡ್ತೈತೆ ಗೊತ್ತೇನ್ರಿ? ಎಣ್ಣೆ ಹಚ್ಚಿ, ಪ್ರಾರ್ಥನೆ ಮಾಡಿ, ತುಂಡು ತುಂಡು ಕತ್ತರಿಸಿ ಕಾಣಿಕೆ ಕೊಟ್ಟೋರಿಗೆ ಹಂಚಿದ್ವಿ. ಸ್ವಸ್ಥತೆಯ ವಸ್ತ್ರ!"

ಜಗಳ ಆಡಬೇಕಿತ್ತು. ನನ್ನ ಬಾಯಿ ಎಂಥದ್ದು ಅಂತ ನಿನಗೆ ಗೊತ್ತಲ್ಲ. ಆದರೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ, ದಾರಿಯಲ್ಲಿ ಈರುಳ್ಳಿ ಕೊಂಡೆ.

ಮಾರನೆಯ ದಿನ, ತುಂಡುಗಳನ್ನಾದರೂ ಕೂಡಿಸಿ ಹೊಲಿಯೋಣವೆಂದು ಮನೆ ಮನೆ ತಿರುಗಿದೆ. ಗಂಗರಾಜು ತನ್ನದನ್ನು ಆಟೋದ ಕನ್ನಡಿಗೆ ಕಟ್ಟಿಕೊಂಡಿದ್ದಾನೆ. "ಇದು ಬಂದ್ಮೇಲೆ ಗಾಡಿ ಎಲ್ಲೂ ತಾಗಿಲ್ಲ ಅಕ್ಕಾ, ಕೇಳಬ್ಯಾಡ" ಎಂದ. ಬೊಮ್ಮಕ್ಕ ಮೊಮ್ಮಗಳ ಉಡಿದಾರಕ್ಕೆ ಹೊಲಿದಿದ್ದಾಳೆ. "ಕೂಸಿಗೆ ಜ್ವರ ಬಿಟ್ಟಿದ್ದೇ ಇದರಿಂದ. ಮುದುಕಿ ಹೆಣಕ್ಕೆ ಹೊದಿಸಾಕೆ ಇದನ್ನ ಕೀಳ್ತೀಯೇನೇ?" ಅಂದಳು. ಅವ್ವ ನೇಯುವಾಗ ದೇವರನ್ನು ಬೇಡಿಕೊಂಡಳು, ಇವರು ಬಟ್ಟೆಯನ್ನು ಬೇಡಿಕೊಳ್ಳುತ್ತಿದ್ದಾರೆ. ಸಿಟ್ಟು ಬರಬೇಕು, ಬರುತ್ತಿಲ್ಲ. ಬರಿಗೈಯಲ್ಲಿ ವಾಪಸ್ ಬಂದೆ.

"ಬಟ್ಟೆ ಚೆನ್ನಾಗೈತಾ?" ಎಂದು ಅವ್ವ ಕೇಳಿದಳು.

"ಐತೆ ಅವ್ವಾ."

"ಹುಳ ಹಿಡಿದಿಲ್ವಲ್ಲ?"

"ಇಲ್ಲ" ಅಂದೆ. ಸಮಾಧಾನವಾಯಿತೇನೋ, ಮಗ್ಗುಲು ಬದಲಿಸಿ ಮಲಗಿದಳು.

ನಿನ್ನನ್ನೂ ಕೂಸನ್ನೂ ದೇವರು ತನ್ನ ರೆಕ್ಕೆಯ ಕೆಳಗೆ ಇಟ್ಟುಕೊಳ್ಳಲಿ. ಹೊತ್ತು ಹೊತ್ತಿಗೆ ಊಟ ಮಾಡು. ನಿಮ್ಮ ಮನೆಯವರಿಗೆ ನನ್ನ ವಂದನೆ ಹೇಳು.

ನಿನ್ನ ಅಕ್ಕ,
ಸುವಾರ್ತಮ್ಮ

ತಾ.ಕ.: ಪಾಸ್ಟರು ಇನ್ನೊಂದು ಮಾತೂ ಹೇಳಿದರು. ಶಿಲುಬೆ ಇದ್ದ ನಡುವಿನ ತುಂಡನ್ನು ಮಂಚ ಹಿಡಿಯುವ ಮುಂಚೆ ಚಳ್ಳಕೆರೆಯ ಪ್ರಾರ್ಥನಾ ಕೂಟದಲ್ಲಿ ನೀನೇ ಈಸಿಕೊಂಡೆಯಂತೆ, ಈ ಸಲವಾದರೂ ಬಸಿರು ನಿಲ್ಲಲೆಂದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೀಯಂತೆ. ಇರಲಿ, ನಾನು ಕೇಳುವುದಿಲ್ಲ. ಆ ಶಿಲುಬೆ ನೇಯುವಾಗ ಅವ್ವನ ಪಕ್ಕ ಕೂತು ಕೆಂಪು ಎಳೆ ಎತ್ತಿಕೊಟ್ಟವಳು ನೀನು. ಅವ್ವನಿಗೆ ನನ್ನ ಮದುವೆಯ ಬಿಳಿ ಸೀರೆ ಹೊದಿಸುತ್ತೇನೆ. ಅಷ್ಟು ಹೊತ್ತಿಗೆ ಅವಳ ಬೆರಳಿಗೆ ಏನೂ ತಿಳಿಯುವುದಿಲ್ಲ. ಆ ತುಂಡು ಈಸಿಕೊಂಡಾಗ ನಿನ್ನ ಬೆರಳಿಗೆ ತಿಳಿದಿತ್ತಲ್ಲ, ಕರುಣಾ.