ಅಪ್ಪ ತಂದ ಬೀಗ

ಕೊಣ್ಣೂರ
೧೨ ಫೆಬ್ರುವರಿ ೧೯೪೪

ಹುಕ್ಕೇರಿಯಲ್ಲಿರುವ ನಮ್ಮ ಮನೆಯವರಿಗೆ ಕಾಶೆವ್ವನ ಶರಣಾರ್ಥಿ.

ನಿಮ್ಮ ಮೇಲೆ ಸಿಟ್ಟಿದೆ. ಎರಡು ಪತ್ರ ಬರೆದರೂ ಉತ್ತರವಿಲ್ಲ. ನಾಚಿಕೆಯಾಗಿ ಸುಮ್ಮನಿದ್ದೀರಿ, ಬಲ್ಲೆ. ಇನ್ನು ನಾಚಬೇಕಾದವರು ಬೇರೆಯವರು.

ಹುಕ್ಕೇರಿಯ ಸರಕಾರಿ ಗೋದಾಮಿನ ಜೋಳ ಕಳುವಾದಾಗ ಬೀಗ ಮುರಿದಿರಲಿಲ್ಲ. ಕೀಲಿಕೈ ಕಾವಲಿದ್ದ ನಿಮ್ಮ ಬಳಿಯೇ ಇತ್ತು. ಅಷ್ಟಕ್ಕೇ ನಿಮ್ಮನ್ನು ಕೆಲಸದಿಂದ ತೆಗೆದರು, ಅಪ್ಪ ನನ್ನನ್ನು ತವರಿಗೆ ಎಳೆತಂದರು. ಮೂಡಲಗಿ ಸಂತೆಯಿಂದ ಬೀಗ ತಂದು ನನ್ನ ಒಡವೆಯ ಪೆಟ್ಟಿಗೆಗೆ ಹಾಕಿದರು. “ಅಳಿಯ ಬಂದರ ಇದ್ದದ್ದೂ ಹೋದೀತು” ಎಂದರು. ಅಂದು ನಾನು ಉಣ್ಣಲಿಲ್ಲ. ಕೀಲಿಕೈ ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮೊನ್ನೆ ಇಲ್ಲಿನ ಗೋದಾಮಿನ ಮುಂದೆ ರೇಷನ್ನಿಗೆ ನಿಂತಿದ್ದೆವು. ಕಾರಕೂನ ಅಲ್ಲಪ್ಪನವರು ಕೀಲಿಕೈ ಗೋಕಾಕದಲ್ಲೇ ಮರೆತು ಬಂದಿದ್ದರು. ಹೆಂಗಸರೆಲ್ಲ ಅವರಿಗೆ ಚೆನ್ನಾಗಿ ಮಂಗಳಾರತಿ ಮಾಡಿದರು. ಬೀಗ ನೋಡಿದರೆ ನಮ್ಮ ಪೆಟ್ಟಿಗೆಯದರ ತದ್ರೂಪು. ಚೇಷ್ಟೆಗೆಂದು ನನ್ನ ಕೀಲಿಕೈ ಹಾಕಿ ತಿರುವಿದೆ. ತೆರೆಯಿತು! ಎಲ್ಲರೂ ನಕ್ಕರು. ನನಗೆ ನಿಮ್ಮ ನೆನಪಾಗಿ ಅಳು ಬಂತು.

ಅಪ್ಪನೂ ಅಲ್ಲೇ ಇದ್ದರು. ಮರುದಿನ ಅವರೇ ನನ್ನನ್ನು ಗೋಕಾಕದ ಮಾಮಲೇದಾರರ ಬಳಿ ಕರೆದೊಯ್ದರು. ಅಲ್ಲಿಯ ಗೋದಾಮಿನ ಬೀಗವೂ ನನ್ನ ಕೀಲಿಕೈಗೆ ತೆರೆಯಿತು. ಸರಕಾರ ಟೆಂಡರ್ ಕರೆದು, ಎಲ್ಲರಿಗಿಂತ ಕಡಿಮೆ ದರ ಹೇಳಿದ ವ್ಯಾಪಾರಿಯಿಂದಲೇ ಹುಕ್ಕೇರಿಯದೂ ಸೇರಿ ಸುತ್ತಲಿನ ಗೋದಾಮುಗಳಿಗೆಲ್ಲ ಬೀಗ ಕೊಂಡಿತ್ತಂತೆ. ಅವನು ಖರ್ಚು ಉಳಿಸಲು ಎಲ್ಲ ಬೀಗಕ್ಕೂ ಒಂದೇ ಅಚ್ಚಿನ ಕೀಲಿಕೈ ಮಾಡಿಸಿ, ಮಿಕ್ಕವನ್ನು ಸಂತೆಯಲ್ಲಿ ಮಾರಿದ್ದಾನೆ. ದರ ನೋಡಿದವರು ಬೀಗ ನೋಡಲಿಲ್ಲ. ಸಂತೆಗೆ ಹೋದವರೆಲ್ಲ ಸರಕಾರದ ಜೋಳಕ್ಕೆ ಮಾಲಕರಾದರು!

“ನಿಮ್ಮ ಅಳಿಯ ದುಂಡಪ್ಪನ ಚೌಕಶಿ-ವಿಚಾರಣೆ ಮತ್ತ ಆಗಬೇಕಂತ ಹುಕ್ಕೇರಿಗೆ ಇವತ್ತ ಬರೀತೀನಿ” ಎಂದರು ಮಾಮಲೇದಾರರು. ಬೀಗಗಳನ್ನೆಲ್ಲ ಬದಲಿಸುತ್ತಾರಂತೆ, ಇನ್ನು ಮೇಲೆ ಒಂದರ ಕೀಲಿಕೈ ಇನ್ನೊಂದಕ್ಕೆ ಹಾಕಿ ನೋಡಿಯೇ ಕೊಳ್ಳುತ್ತಾರಂತೆ. ನನ್ನ ಬೀಗ, ಕೀಲಿಕೈ ಎರಡನ್ನೂ ಸಾಕ್ಷಿಗೆಂದು ಇಟ್ಟುಕೊಂಡರು.

ಕಚೇರಿಯಿಂದ ಕರೆ ಬಂದರೆ ತಲೆಯೆತ್ತಿ ಹೋಗಿ. ಅಲ್ಲಿಂದ ನೇರವಾಗಿ ಇಲ್ಲಿಗೆ ಬನ್ನಿ. ಕೆಲಸ ಮರಳಿ ಸಿಗುತ್ತದೆಂದು ನನ್ನ ಮನಸ್ಸು ಹೇಳುತ್ತಿದೆ.

ಇಂತಿ ನಿಮ್ಮ ದಾರಿ ಕಾಯುವ
ಕಾಶೆವ್ವ

ತಾ.ಕ.: ಪೆಟ್ಟಿಗೆಗೆ ಹೊಸ ಬೀಗ ತರುವುದೇ ಎಂದು ಅಪ್ಪನನ್ನು ಕೆಣಕಿದೆ. “ಅಳಿಯ ಬರೋ ಮನ್ಯಾಗ ಕೀಲಿ ಯಾಕವಾ” ಎಂದರು. ಈ ಪತ್ರದ ಮೇಲೆ ನಿಮ್ಮ ಹೆಸರು ಬರೆದವರೂ ಅವರೇ.