ಏಳನೇ ನಂಬರಿನ ಬನಿಯನ್

ಖಾನಾಪುರ
ಬುಧವಾರ, ೧೨ ನವೆಂಬರ್ ೨೦೨೫

ಪ್ರೀತಿಯ ಅಜ್ಜಾ,

ಶರಣು ಶರಣಾರ್ಥಿ. ಮೊಣಕಾಲು ನೋವು ಹೇಗಿದೆ? ಚಳಿ ಬಿದ್ದಿದೆ, ಮಹಾಂತೇಶ ನಗರದಲ್ಲಿ ಬೆಳಿಗ್ಗೆ ತಿರುಗಾಡಲು ಹೋಗುವಾಗ ಮಫ್ಲರ್ ಸುತ್ತಿಕೊ. ಗುಳಿಗೆಯನ್ನು ಕುಂಡದ ಮಣ್ಣಿನಲ್ಲಿ ಹುಗಿದು ನುಂಗಿದೆ ಎಂದು ಕಾಕುಗೆ ಹೇಳಬೇಡ, ಅವರಿಗೆ ಗೊತ್ತಾಗಿದೆ. ನಾವೆಲ್ಲ ಆರಾಮ. ಅವ್ವನ ಕೆಮ್ಮು ಇಳಿದಿದೆ. ನಾನು ಬೋರ್ಡು ಬರೆಯುವ ಕೆಲಸ ಇನ್ನೂ ಬಿಟ್ಟಿಲ್ಲ. ಎರಡು ವರ್ಷದಲ್ಲಿ ನಾಲ್ಕು ಕೆಲಸ ಬಿಟ್ಟವನಿಗೆ ಏಳು ತಿಂಗಳೆಂದರೆ ದೊಡ್ಡದೇ. ಫೋನ್ ಬಿಟ್ಟು ಕಾಗದ ಯಾಕೆ ಅನ್ನುತ್ತೀ. ನಿನ್ನ ಕಿವಿಗೆ ಮುಟ್ಟಬೇಕೆಂದರೆ ನಾನು ಒದರಬೇಕು, ಒದರಿದರೆ ಮನೆಮಂದಿಗೆಲ್ಲ ಕೇಳುತ್ತದೆ. ಇದು ನಿನಗೊಬ್ಬನಿಗೇ ಹೇಳುವ ಮಾತು. ದಿನಾ ಬೆಳಗಾವಿಗೆ ಕೆಲಸಕ್ಕೆ ಹೋಗುವ ಮನಿಷಾ ಅಕ್ಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಟಿಸಿದ್ದೇನೆ, ಅವಳು ಓದಿಲ್ಲ.

ನಿಮ್ಮ ಕಾಲೇಜಿನ ಬೋರ್ಡು ನನ್ನ ಎದುರಿಗೇ ಇದೆ. ನೀನೇ ಹೇಳಿ ಕೊಡಿಸಿದ ಕೆಲಸ. ೧೯೫೭-೫೮ರ ಬಾಸ್ಕೆಟ್‌ಬಾಲ್ ತಂಡದ ಏಳು ಹೆಸರು, ಅದರ ಕೆಳಗೆ, ಧಾರವಾಡದ ಫೈನಲ್‌ನಲ್ಲಿ ಗೆಲುವಿನ ಬಾಸ್ಕೆಟ್ ಹಾಕಿದವರು ಬಾಳಪ್ಪ ಎಂದು ನಿನ್ನ ಹೆಸರಿನ ಸಾಲು ಬರೆಯಬೇಕು. ಭಾನುವಾರ ಪರದೆ ಸರಿಸಿ, ತಂಡದಲ್ಲಿ ಈಗ ಉಳಿದಿರುವ ಒಬ್ಬನೇ ಆಟಗಾರನೆಂದು ನಿನಗೆ ಶಾಲು ಹೊದಿಸುತ್ತಾರೆ. ಹೆಸರುಗಳು ತಪ್ಪಬಾರದೆಂದು ಆ ವರ್ಷದ ಕಾಲೇಜು ಸಂಚಿಕೆಯನ್ನೂ ನನಗೆ ಕೊಟ್ಟಿದ್ದರು. ಪಠ್ಯಪುಸ್ತಕ ಕಂಡರೆ ಓಡುವ ನಾನು ಅದನ್ನು ಮೂರು ಸಲ ಓದಿದೆ. ನೀನು ಹೇಳಿದ್ದೆಲ್ಲ ಅದರಲ್ಲಿತ್ತು. ಕಂಬಾರ ಚಕ್ಕಡಿ ಗಾಲಿಯ ಪಟ್ಟಿ ಕಡಿದು ಬಾಗಿಸಿ ಮಾಡಿಕೊಟ್ಟ ರಿಂಗು, ಆಟಕ್ಕೆ ಮೊದಲು ನೀವೇ ಕೆಂಪು ಮಣ್ಣಿಗೆ ನೀರು ಹೊಡೆದು ರೋಲರ್ ಎಳೆಯುತ್ತಿದ್ದದ್ದು, ಮೊದಲ ಎರಡು ಪಂದ್ಯ ಸೋತು ಮುಂದೆ ಎಂಟನ್ನು ಸಾಲಾಗಿ ಗೆದ್ದದ್ದು. ಹೆಮ್ಮೆಯಿಂದ ಅವ್ವನಿಗೂ ಓದಿ ಹೇಳಿದೆ. ಆಮೇಲೆ ಫೈನಲ್‌ನ ಫೋಟೋ ಬಂತು. ಏಳನೇ ನಂಬರಿನ ಬನಿಯನ್ ಹಾಕಿದ ಹುಡುಗ ನೆಗೆದು ಚೆಂಡು ಬಿಡುತ್ತಿದ್ದಾನೆ. ಕೆಳಗೆ ನಿನ್ನ ಹೆಸರು. ಅಜ್ಜಾ, ಅವನು ಚೆಂಡು ಬಿಡುತ್ತಿರುವುದು ಬಲಗೈಯಿಂದ. ನೀನು ಲೋಟ ಹಿಡಿಯುವುದು ಎಡಗೈಯಲ್ಲಿ, ಗಡ್ಡ ಕೆರೆಯುವುದು ಎಡಗೈಯಲ್ಲಿ, ನಾನು ಪಿಯುಸಿ ಬಿಟ್ಟ ದಿನ ನನ್ನ ಕಪಾಳಕ್ಕೆ ಕೊಟ್ಟದ್ದೂ ಎಡಗೈಯಲ್ಲೇ.

ಆ ಮುಖವನ್ನು ಎಲ್ಲೋ ನೋಡಿದ್ದೆ. ಎಲ್ಲಿ ಎಂದು ಒಂದು ದಿನ ತಲೆ ಕೆಟ್ಟಿತು. ಹೋದ ತಿಂಗಳು ಇಲ್ಲಿ ಸ್ಟೇಷನ್ ರಸ್ತೆಯ ಕುಂದಾ ಅಜ್ಜಿಯ ಹಿಟ್ಟಿನ ಗಿರಣಿಗೆ ಬೋರ್ಡು ಬರೆದಿದ್ದೆ. ಅವರ ಗೋಡೆಯ ಮೇಲಿನ ಮದುವೆ ಫೋಟೋದಲ್ಲಿ ಇದೇ ಮುಖ. ನಿನ್ನೆ ಸಂಚಿಕೆ ಹಿಡಿದುಕೊಂಡು ಹೋದೆ. ಅವರ ಗಂಡ ಅವಧೂತ ಅಜ್ಜ ಬೋರ್ಡು ಬರೆಯುವಾಗ ಸಿಕ್ಕಿರಲಿಲ್ಲ, ಇನ್ನೂ ಗಟ್ಟಿ ಇದ್ದಾರೆ. ಹೊಸ್ತಿಲಲ್ಲಿ ನನ್ನನ್ನು ಕಂಡವರೇ, "ಎಡಚ ಬಾಳ್ಯಾನ ಮೊಮ್ಮಗ ಏನಲೇ ನೀ? ಮೂಗ ಹೇಳಾಕತ್ತೈತಿ. ಕುಂದ್ರ" ಎಂದರು. ಫೋಟೋ ತೋರಿಸಿದೆ. ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

ಮುಂದಿನದು ನಿನಗೆ ಗೊತ್ತಿರುವುದೇ, ಆದರೂ ನನಗೂ ಗೊತ್ತಾಗಿದೆ ಎಂದು ನಿನಗೆ ತಿಳಿಯಲಿ. ಹಿಂದಿನ ವರ್ಷ ತಂಡದಲ್ಲಿ ಎಲ್ಲರಿಗಿಂತ ಚಲೋ ಆಡುತ್ತಿದ್ದವರು ಅವರು. ಅಪ್ಪ ತೀರಿಕೊಂಡ ಮೇಲೆ ಕಾಲೇಜು ಬಿಟ್ಟು ಇಲ್ಲಿಯ ಹಂಚಿನ ಭಟ್ಟಿ ಸೇರಿದ್ದರು. ಸೆಮಿಫೈನಲ್‌ನಲ್ಲಿ ನಿನ್ನ ಕಾಲು ಉಳುಕಿತು. ಮೊದಲೇ ಕೊಟ್ಟ ಆಟಗಾರರ ಪಟ್ಟಿಯಲ್ಲಿ ಹೆಸರು ಬದಲಿಸುವಂತಿರಲಿಲ್ಲ. ಕ್ಯಾಪ್ಟನ್ ಅವರಿಗೆ ತಂತಿ ಕಳಿಸಿ ಕರೆಸಿದ. ಅವರು ಭಟ್ಟಿಗೆ ಎರಡು ದಿನ ಸೂಟಿ ಹಾಕಿ, ಲೋಂಡಾದಲ್ಲಿ ಗಾಡಿ ಬದಲಿಸಿ ಧಾರವಾಡಕ್ಕೆ ಬಂದು, ನಿನ್ನ ಬನಿಯನ್ ತೊಟ್ಟು, ನಿನ್ನ ಹೆಸರಿನಲ್ಲಿ ಆಡಿದರು. "ಮಂದಿ ಬಾಳಪ್ಪಾ ಬಾಳಪ್ಪಾ ಅಂತ ಒದರಿದ್ರು. ಕಡೀಕ ನಾನೂ ಅವರ ಕೂಡ ಒದರಿದೆ, ಏನ್ ಮಾಡ್ಲಿ!" ಎಂದು ನಕ್ಕರು. ಬೆವರು ಆರುವುದರೊಳಗೆ ತಂಡದವರು ಬನಿಯನ್ ಬಿಚ್ಚಿಸಿಕೊಂಡರಂತೆ. ನೀನು ಕುಂಟುತ್ತ ಸ್ಟೇಷನ್ನಿಗೆ ಹೋಗಿ, ಸರ್ಟಿಫಿಕೇಟ್ ಸಿಕ್ಕ ಮೇಲೆ ಅವರ ಮನೆಗೇ ತಂದು ಕೊಡುತ್ತೇನೆ ಎಂದಿದ್ದೆಯಂತೆ. "ಇನ್ನಾ ಬಂದಿಲ್ಲ ನೋಡ" ಎಂದರು. ಒಳಗಿನಿಂದ ಕುಂದಾ ಅಜ್ಜಿ, "ಅರವತ್ತೇಳ ವರ್ಷ ಆತಲ್ರೀ, ಗಾಡಿ ಲೇಟ್ ಇರಬೇಕು" ಎಂದರು. ನನಗೆ ನಗು ಬರಲಿಲ್ಲ. ನೀನು ಖಾನಾಪುರಕ್ಕೆ ಬಂದಾಗಲೆಲ್ಲ ಸ್ಟೇಷನ್ ರಸ್ತೆ ಬಿಟ್ಟು ಸುತ್ತು ಹಾಕಿ ಮನೆಗೆ ಬರುತ್ತಿದ್ದದ್ದು ಯಾಕೆ ಎಂದು ಆಗ ತಿಳಿಯಿತು.

ಆ ಸರ್ಟಿಫಿಕೇಟ್ ತೋರಿಸಿಯೇ ನಿನಗೆ ಸಾಲಿಯಲ್ಲಿ ಡ್ರಿಲ್ ಮಾಸ್ತರಿಕೆ ಸಿಕ್ಕಿತು, ಆ ಪಗಾರದಲ್ಲೇ ನಾವೆಲ್ಲ ಬೆಳೆದೆವು. ಅದು ಸುಳ್ಳು ಅನ್ನುತ್ತಿಲ್ಲ. ಫೈನಲ್‌ವರೆಗಿನ ಅಷ್ಟೂ ಪಂದ್ಯ ಆಡಿದವನು ನೀನು. ನಿನ್ನ ಹೆಸರನ್ನು ಎಲ್ಲಕ್ಕಿಂತ ದುಂಡಗೆ ನಾನೇ ಬರೆದಿದ್ದೇನೆ. ನಾನು ಹೇಳುತ್ತಿರುವುದು ಕಡೆಯ ಪಂದ್ಯದ ಮಾತು. ಕಪಾಳಕ್ಕೆ ಹೊಡೆದ ದಿನ ನೀನು, "ಸಾಲಿ ಬಿಟ್ಟಾವರ ಹೆಸರು ಯಾವ ಬೋರ್ಡಿನ ಮ್ಯಾಲೂ ಬರಾಂಗಿಲ್ಲ" ಎಂದಿದ್ದೆ. ಆ ಮಾತು ನನ್ನನ್ನು ಎರಡು ವರ್ಷ ಚುಚ್ಚಿತು. ಅದನ್ನು ನೀನು ಬರೀ ನನಗೆ ಹೇಳಿದ್ದಲ್ಲ ಎಂದು ಈಗ ಅನಿಸುತ್ತದೆ. ಸಿಟ್ಟಿಲ್ಲ ಅಜ್ಜಾ. ಆದರೆ ಬಲಗೈ ಬಿಟ್ಟ ಚೆಂಡನ್ನು ಎಡಗೈಯ ಹೆಸರಿಗೆ ನಾನು ಬರೆಯುವುದಿಲ್ಲ. ಬ್ರಷ್ ನನ್ನದು.

ಕಾಕಾ ಕಾಕುಗೆ ನಮಸ್ಕಾರ ಹೇಳು. ಅವ್ವ ನಿನಗಾಗಿ ಶೇಂಗಾ ಹೋಳಿಗೆ ಕಳಿಸಿದ್ದಾಳೆ, ಮನಿಷಾ ಅಕ್ಕ ದಾರಿಯಲ್ಲಿ ತಿನ್ನದಿದ್ದರೆ ನಾಲ್ಕು ಇರಬೇಕು, ಎಣಿಸಿಕೊ.

ನಿನ್ನ ಕಾಲು ಮುಟ್ಟಿ,
ನಿನ್ನ ಮೊಂಡ ಮೊಮ್ಮಗ
ಚೇತನ

ತಾ.ಕ.: ಕಾಲೇಜಿನವರಿಗೆ ನಾನಿನ್ನೂ ಏನೂ ಹೇಳಿಲ್ಲ, ಅದು ನೀನು ಹೇಳಬೇಕಾದದ್ದು. ಅವಧೂತ ಅಜ್ಜನನ್ನು ಭಾನುವಾರ ಬರುತ್ತೀರಾ ಎಂದು ಕೇಳಿದೆ. "ಬಾಳ್ಯಾ ಬಂದು ಕರದ್ರ ಬರ್ತೀನಿ, ನೀ ಕರದ್ರ ಬರಾಂಗಿಲ್ಲ" ಎಂದರು. ಶನಿವಾರ ಬೆಳಿಗ್ಗೆ ಎಂಟಕ್ಕೆ ಶಿವಲಿಂಗನ ಆಟೋ ತಂದು ನಿನ್ನ ಬಾಗಿಲಲ್ಲಿ ನಿಲ್ಲುತ್ತೇನೆ. ಟ್ರಂಕಿನಲ್ಲಿರುವ ಸರ್ಟಿಫಿಕೇಟ್ ತೆಗೆದಿಟ್ಟುಕೊ. ಈ ಸಲ ಸ್ಟೇಷನ್ ರಸ್ತೆಯಲ್ಲೇ ಹೋಗೋಣ. ಬೋರ್ಡಿನಲ್ಲಿ ಹೆಸರುಗಳಿಗೆ ಏಳು ಗೆರೆ ಎಳೆ ಎಂದು ಕಾಲೇಜಿನವರು ಹೇಳಿದ್ದರು. ನಾನು ಎಂಟು ಎಳೆದಿದ್ದೇನೆ.